ಕೊಡ ಇಲ್ಲದವನಿಗೆ ಗೌರವ

ನಮ್ಮ ಮಸರಕಲ್ ಕಡೆ ಎಲ್ಲಮ್ಮನ ಕೊಡ ಹೊತ್ತ ಜೋಗಪ್ಪ ಬಾಗಿಲಿಗೆ ಬಂದರೆ ಅವ್ವ ಮೊರದ ತುಂಬ ಜೋಳ ನೀಡಿ ಕೈಮುಗಿಯುತ್ತಿದ್ದಳು. ನಾನು ಓದಿದ ಶಾಲೆಯೊಂದರಲ್ಲಿ ಹೆಣ್ಣಿನಂತೆ ನಡೆಯುತ್ತಿದ್ದ ಗೆಳೆಯನನ್ನು ಕಂಡು ಎಲ್ಲರೂ ನಕ್ಕರು, ನಾನೂ ನಕ್ಕೆ. ಸರ್ ಸುಮ್ಮನಿದ್ದರು. ಅವನು ಶಾಲೆ ಬಿಟ್ಟ.

ತಲೆಯ ಮೇಲೆ ಕೊಡ ಇದ್ದಾಗ ಮಾತ್ರ ಸಿಗುವ ಗೌರವ ದೇವಿಗೆ ಸೇರಿದ್ದು, ಮನುಷ್ಯರಿಗಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಗೌರವಕ್ಕಾಗಿ ಮಗುವೊಂದು ಪದ್ಮಶ್ರೀವರೆಗೆ ಕಾಯಬೇಕೇ?

ತಮ್ಮ ಲಿಂಗ ಗುರುತನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ. ತರಗತಿಯಲ್ಲಿ ಆ ತೀರ್ಪಿಗೆ ಜೀವ ಬರುವುದು, ನಗು ಎದ್ದ ಕೂಡಲೇ ಯಾರಾದರೂ ‘ಸಾಕು’ ಎಂದಾಗ. ಅಂದು ಆ ಮಾತನ್ನು ನಾನೂ ಆಡಬಹುದಿತ್ತು.