ಪ್ರಸಾದಕ್ಕೆ ಆಯ್ಕೆ ಉಂಟೇ?

ಉಣ್ಣುವ ಮುಂಚೆ ತಟ್ಟೆಯನ್ನು ಕಣ್ಣಿಗೊತ್ತಿಕೊಳ್ಳುವ ಮನುಷ್ಯ, ಅದರಲ್ಲಿರುವ ಅನ್ನ ತನ್ನ ಮೈಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಕೇಳಬಹುದೇ? ಕೇಳಿದರೆ ಪ್ರಸಾದವನ್ನು ತೂಗಿ ನೋಡಿದಂತಾಗುವುದಿಲ್ಲವೇ? ಬೀದರ್–ಭಾಲ್ಕಿ ರೈಲು ದಾರಿಯ ಹಲಬರ್ಗಾದಂಥ ಊರುಗಳಲ್ಲಿ ಇದು ಈಗ ಪಂಡಿತರ ಮಠದೊಳಗಿನ ಚರ್ಚೆಯಾಗಿ ಉಳಿದಿಲ್ಲ. ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿಯ ಸೌಟು ಎದುರಿಗೆ ಬಂದಾಗ, ಶುಗರ್ ಇರುವ ಹಿರಿಯರ ಮನಸ್ಸಿನಲ್ಲಿ ಎದ್ದು ನಿಲ್ಲುವ ಪ್ರಶ್ನೆ ಅದೇ: ಬ್ಯಾಡ ಅಂದರ ಪ್ರಸಾದಕ್ಕ ಅವಮಾನ, ಉಂಡರ ಶುಗರ್ ಏರ್ತದ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆ 2023ರಲ್ಲಿ ಹೇಳಿತು. ಹಾಗಿರುವಾಗ ಈ ಇಕ್ಕಟ್ಟು ಒಬ್ಬಿಬ್ಬರದಲ್ಲ. ನಿತ್ಯದ ಊಟವನ್ನು ಆರೋಗ್ಯಕ್ಕೆ ತಕ್ಕಂತೆ ಆರಿಸಿಕೊಳ್ಳುವುದು ಪ್ರಸಾದಭಾವಕ್ಕೆ ವಿರುದ್ಧವಲ್ಲ, ಅದರ ಒಂದು ಅಂಗವೇ ಹೌದು ಎಂಬುದು ನನ್ನ ವಾದ. ಆದರೆ ಆ ಆಯ್ಕೆ ನನ್ನೊಬ್ಬನ ಮೈಯ ಸುಖಕ್ಕೆ ಬಂದು ನಿಂತುಬಿಟ್ಟರೆ ಅಲ್ಲಿ ಪ್ರಸಾದ ಉಳಿಯುವುದಿಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು.

ಹನ್ನೆರಡನೆಯ ಶತಮಾನದಲ್ಲಿ ಶರಣರು ಈ ಪ್ರಶ್ನೆಯನ್ನು ಎದುರಿಸಿದ ಕಲ್ಯಾಣ ಇದೇ ಬೀದರ್ ಜಿಲ್ಲೆಯಲ್ಲಿದೆ, ಇಂದಿನ ಬಸವಕಲ್ಯಾಣ. ಅವರ ಸಾಧನೆಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲದಲ್ಲಿ ಭಕ್ತ, ಮಹೇಶರ ನಂತರ ಬರುವುದು ಪ್ರಸಾದಿಸ್ಥಲ. ಅಷ್ಟಾವರಣಗಳಲ್ಲಿಯೂ ಪ್ರಸಾದ ಒಂದು. ಉಣ್ಣುವ ಕ್ರಿಯೆಗೆ ಸಾಧನೆಯ ಮೆಟ್ಟಿಲುಗಳಲ್ಲಿ ಇಷ್ಟು ಎತ್ತರದ ಜಾಗ ಕೊಟ್ಟ ದರ್ಶನಗಳು ಕಡಿಮೆ. ಅದರ ತರ್ಕ ಹೀಗೆ ಸಾಗುತ್ತದೆ. ಹೊಲದಿಂದ, ಅಂಗಡಿಯಿಂದ ಬಂದದ್ದು ಬರಿಯ ಪದಾರ್ಥ. ಅದನ್ನು ಲಿಂಗಕ್ಕೆ ಅರ್ಪಿಸಿದಾಗ ಪ್ರಸಾದವಾಗುತ್ತದೆ. ಅರ್ಪಿಸುವುದೆಂದರೆ ಎಡೆ ಹಿಡಿದು ಕೈಮುಗಿಯುವುದಷ್ಟೇ ಅಲ್ಲ. ರೂಪ, ರುಚಿ, ತೃಪ್ತಿಗಳನ್ನು ಒಂದೊಂದಾಗಿ ಎಚ್ಚರದಿಂದ ಒಪ್ಪಿಸುವುದು. ಶುದ್ಧ, ಸಿದ್ಧ, ಪ್ರಸಿದ್ಧ ಎಂಬ ಮೂರು ಬಗೆಯ ಪ್ರಸಾದಗಳನ್ನು ಸ್ಥೂಲ, ಸೂಕ್ಷ್ಮ, ಕಾರಣವೆಂಬ ಮೂರು ತನುಗಳೊಂದಿಗೆ ಹೊಂದಿಸಿದ್ದು ಇದೇ ಕಾರಣಕ್ಕೆ. ಇಲ್ಲಿ ದೇಹವನ್ನು ತೊಗಲಿನ ಚೀಲವೆಂದು ಹಳಿದು ಬದಿಗಿಡುವ ಮಾತಿಲ್ಲ. ದೇಹವೇ ದೇಗುಲವೆಂದು ಬಸವಣ್ಣನವರು ಹೇಳಿದ ಮೇಲೆ, ಆ ದೇಗುಲವನ್ನು ಕೆಡಿಸುತ್ತದೆಂದು ತಿಳಿದೂ ತಿಳಿದೂ ಒಂದು ಪದಾರ್ಥವನ್ನು ಅದರೊಳಕ್ಕೆ ಇಳಿಸುವುದು ಭಕ್ತಿ ಆಗಲಾರದು. ಬಂದದ್ದನ್ನು ಬಂದಂತೆ ಸ್ವೀಕರಿಸುವುದೇ ಪ್ರಸಾದಿಯ ಲಕ್ಷಣ, ಆರಿಸುವುದು ಅಹಂಕಾರ ಎನ್ನುವವರಿಗೆ ಉತ್ತರವೂ ಇಲ್ಲಿಯೇ ಇದೆ. ಅರ್ಪಿಸುವ ಮುನ್ನ ಎಲ್ಲರೂ ಆರಿಸುತ್ತಾರೆ. ಹಳಸಿದ ಅನ್ನವನ್ನು, ಹುಳು ಹತ್ತಿದ ಬ್ಯಾಳಿಯನ್ನು ಯಾರೂ ಎಡೆ ಮಾಡುವುದಿಲ್ಲ. ಸ್ವೀಕಾರದ ವಿನಯ ಅರ್ಪಣೆಯ ನಂತರದ್ದು. ವಿವೇಕ ಅದಕ್ಕಿಂತ ಮೊದಲಿನದು. ನಂತರದ್ದರ ಹೆಸರಿನಲ್ಲಿ ಮೊದಲಿನದನ್ನು ಬಿಟ್ಟುಕೊಡಬೇಕಾಗಿಲ್ಲ.

ಆರಿಸುವುದಾದರೆ ಏನನ್ನು? ಬೀದರಿನ ಎರೆಮಣ್ಣು ಇದಕ್ಕೆ ಕೊಟ್ಟ ಉತ್ತರ ಜೋಳ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ, ನೆಲ ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆದು ತೆನೆ ಕಟ್ಟುತ್ತದೆ. ರಾಷ್ಟ್ರೀಯ ಪೋಷಣ ಸಂಸ್ಥೆಯ ಪಟ್ಟಿಯಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಂಗಿಂತ ಕಡಿಮೆ. ಹೊಟ್ಟೆ ಹೊತ್ತುಗೊತ್ತಿಗೆ ಹಗುರಾಗಬೇಕು, ಉಂಡದ್ದು ತಡೆದು ತಡೆದು ರಕ್ತಕ್ಕೆ ಸೇರಬೇಕು ಎನ್ನುವವರಿಗೆ ಈ ಅಂತರ ಸಣ್ಣದಲ್ಲ. ಆದರೆ ಇಷ್ಟಕ್ಕೇ ಜೋಳವನ್ನು ದೇವರ ಜಗಲಿಯ ಮೇಲೆ ಕೂರಿಸುವ ಆತುರ ಬೇಡ. ಅದೇ ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಶರ್ಕರಪಿಷ್ಟವೂ ಇದೆ. ನಾಲ್ಕು ರೊಟ್ಟಿಯ ಜಾಗದಲ್ಲಿ ಆರು ರೊಟ್ಟಿ ಉಂಡರೆ ಶುಗರ್ ಏರುವುದು ಏರಿಯೇ ಏರುತ್ತದೆ. ಇನ್ನೂ ಗಂಭೀರವಾದ ಸಂಗತಿ ಒಂದಿದೆ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರು ದಖ್ಖನದ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ರೋಗವನ್ನು ಕಂಡು, 1960ರಲ್ಲಿ ಅದರ ಬಗ್ಗೆ ಬರೆದರು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸು ಕದಡುವುದು ಇದರ ಲಕ್ಷಣ. ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯಿಂದ ಬರುವ ರೋಗ ಇದು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚಿರುವುದೇ ಕಾರಣವೆಂದು ಅವರು ವಾದಿಸಿದರು. ಆ ವಿವರಣೆಯ ಮೇಲೆ ಮುಂದೆ ಚರ್ಚೆ ನಡೆಯಿತು, ಆದರೆ ಒಂದು ಮಾತು ಗಟ್ಟಿಯಾಗಿ ನಿಂತಿತು: ರೋಗ ಬಿದ್ದದ್ದು ಹೆಚ್ಚುಕಡಿಮೆ ಬರಿಯ ಜೋಳವನ್ನೇ ಉಂಡು ಬದುಕಬೇಕಾದವರ ಮೇಲೆ.

ಈ ಒಂದು ಸಾಕ್ಷ್ಯ ಧಾರ್ಮಿಕ ಪ್ರಶ್ನೆಗೂ ಬೆಳಕು ಕೊಡುತ್ತದೆ ಎಂದು ನನಗನ್ನಿಸುತ್ತದೆ. ಪಾವಿತ್ರ್ಯವನ್ನೋ ಔಷಧಗುಣವನ್ನೋ ಒಂದು ಕಾಳಿನೊಳಗೆ ಹುಡುಕುವುದು ತಪ್ಪು ದಾರಿ. ಒಳಿತು ಇರುವುದು ಕೂಡುವಿಕೆಯಲ್ಲಿ. ಜೋಳದಲ್ಲಿ ಕೊರತೆಯಿರುವ ಲೈಸಿನ್ ತೊಗರಿಬ್ಯಾಳಿಯಲ್ಲಿದೆ, ಬ್ಯಾಳಿಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಲ್ಲಿದೆ. ಪೆಲಾಗ್ರವನ್ನು ದೂರವಿಡುವ ನಯಾಸಿನ್ ಶೇಂಗಾದಲ್ಲಿ ಧಾರಾಳವಾಗಿದೆ, ಅಂದರೆ ರೊಟ್ಟಿಯ ಪಕ್ಕದ ಶೇಂಗಾ ಹಿಂಡಿಯಲ್ಲಿ. ಅಗಸಿ ಹಿಂಡಿ ಒಮೆಗಾ–3 ಬಗೆಯ ಕೊಬ್ಬನ್ನು ಕೊಡುತ್ತದೆ. ಪುಂಡಿಪಲ್ಯ ಕಬ್ಬಿಣದ ಅಂಶವನ್ನೂ ಬಾಯಿ ಚುರುಕಾಗಿಸುವ ಹುಳಿಯನ್ನೂ ಕೊಡುತ್ತದೆ. ಎಳ್ಳಮಾವಾಸ್ಯೆಯ ದಿನ ಭಾಲ್ಕಿ, ಔರಾದ್ ಕಡೆಯ ಹೊಲಗಳಲ್ಲಿ ಉಣ್ಣುವ ಭಜ್ಜಿಯನ್ನು ನೆನೆಯಿರಿ: ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಅವರೆ, ನಾಲ್ಕಾರು ಸೊಪ್ಪು, ಗಜ್ಜರಿ, ಹುಣಸೆ ಎಲ್ಲ ಒಂದೇ ಗಡಿಗೆಯಲ್ಲಿ, ಜೊತೆಗೆ ಸಜ್ಜೆ ರೊಟ್ಟಿ, ಮಜ್ಜಿಗೆಯ ಅಂಬಲಿ. ಮೊದಲ ಪಾಲು ಚರಗವಾಗಿ ಭೂಮಿಗೆ, ಆಮೇಲೆ ಕರೆದು ಕೂರಿಸಿದ ಎಲ್ಲರಿಗೂ. ತಟ್ಟೆಯ ಅರ್ಧ ಭಾಗ ತರಕಾರಿ, ಹಣ್ಣು ಇರಲಿ ಎಂದು ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ಹತ್ತಿರದ ಊಟ ಸಿಗುವುದು ಕಷ್ಟ. ಇದೆಲ್ಲ ಅನಾದಿಯಿಂದ ಬಂದದ್ದು, ಅದಕ್ಕೇ ಒಳ್ಳೆಯದು ಎಂದು ಮಾತ್ರ ಹೇಳಬಾರದು. ಶೇಂಗಾ, ಮೆಣಸಿನಕಾಯಿ ಅಮೆರಿಕ ಖಂಡಗಳ ಕಡೆಯಿಂದ ಬಂದವು. ಬಸವಣ್ಣನವರು ಎರಡನ್ನೂ ಕಂಡಿರಲಿಲ್ಲ. ಹೊರಗಿನಿಂದ ಬಂದದ್ದನ್ನು ಬಳಸಿ, ಪರೀಕ್ಷಿಸಿ, ತಮ್ಮ ಊಟದಲ್ಲಿ ಸರಿಯಾದ ಜಾಗದಲ್ಲಿ ಕೂರಿಸಿದ್ದೇ ನಮ್ಮ ಹಿರಿಯ ಹೆಣ್ಣುಮಕ್ಕಳ ಜಾಣ್ಮೆ.

ಆಹಾರದ ಧಾರ್ಮಿಕ ಚರ್ಚೆ ಬಂದಾಗಲೆಲ್ಲ ಎದುರಾಗುವುದು ಸಾತ್ವಿಕ, ರಾಜಸ, ತಾಮಸ ಎಂಬ ವಿಂಗಡಣೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಇದರ ಮೂಲ. ಆಯುಷ್ಯ, ಬಲ, ಆರೋಗ್ಯ, ಸುಖಗಳನ್ನು ಹೆಚ್ಚಿಸುವ ಆಹಾರ ಸಾತ್ವಿಕರಿಗೆ ಪ್ರಿಯ ಎನ್ನುವ ಮಾತಿನಲ್ಲಿ ತಕರಾರು ತೆಗೆಯುವಂಥದ್ದೇನೂ ಇಲ್ಲ. ತಕರಾರು ಇರುವುದು ಅದನ್ನು ಅಡುಗೆಮನೆಯ ಕಾಯಂ ಪಟ್ಟಿಯಾಗಿ, ಆಮೇಲೆ ಜಾತಿಯ ಏಣಿಯಾಗಿ ಮಾಡಿಕೊಂಡ ರೀತಿಗೆ. ಅಕ್ಷರಶಃ ಓದಿದರೆ ಹುಳಿ, ಖಾರ, ಒಣಕಲು ಎಲ್ಲ ರಾಜಸದ ಪಾಲಿಗೆ ಬೀಳುತ್ತವೆ. ಆಗ ಪುಂಡಿಪಲ್ಯವೂ ಖಾರದ ಹಿಂಡಿಯೂ ಖಡಕ್ ರೊಟ್ಟಿಯೂ ಸಾಲಾಗಿ ಕೆಳಗಿಳಿಯುತ್ತವೆ. ತುಪ್ಪ ಸುರಿದ ಸಿಹಿ ಮೇಲೇರುತ್ತದೆ. ಬಿಸಿಲಲ್ಲಿ ದುಡಿದು ಬಂದವನ ಊಟ ಕೀಳು, ನೆರಳಲ್ಲಿ ಕುಳಿತವನ ಊಟ ಮೇಲು ಎಂಬ ಈ ತೀರ್ಪನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುವುದಿಲ್ಲ, ಶರಣರ ಕಾಯಕತತ್ವವೂ ಒಪ್ಪುವುದಿಲ್ಲ. ಮಿಕ್ಕಿದ್ದು ತಾಮಸ ಎನ್ನುವ ನಿಯಮವನ್ನಂತೂ ಪ್ರಸಾದದ ಕಲ್ಪನೆ ತಲೆಕೆಳಗು ಮಾಡಿತು. ಗುರು ಲಿಂಗ ಜಂಗಮರಿಗೆ ಸಲ್ಲಿಸಿ ಮಿಕ್ಕದ್ದೇ ಪೂಜ್ಯವಾಯಿತು. ನಮ್ಮ ವೈದ್ಯ ಪರಂಪರೆಯಲ್ಲಿ ಹಿತ, ಮಿತ, ಋತ ಎಂಬ ಮೂರು ಅಳತೆಗಳ ಮಾತಿದೆ. ಮೈಗೆ ಹಿತವಾದದ್ದು, ಬೇಕಾದಷ್ಟೇ ಆದದ್ದು, ನ್ಯಾಯವಾಗಿ ಗಳಿಸಿದ್ದು. ಆರೋಗ್ಯದ ಪುಸ್ತಕಗಳು ಮೊದಲ ಎರಡನ್ನು ಹಿಡಿದುಕೊಂಡು ಮೂರನೆಯದನ್ನು ಮರೆಯುತ್ತವೆ. ಶರಣರು ಹಿಡಿದದ್ದು ಆ ಮೂರನೆಯದನ್ನೇ. ಆಯ್ದಕ್ಕಿ ಮಾರಯ್ಯ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದ ಮಡದಿ ಲಕ್ಕಮ್ಮನಿಗೆ ಅಕ್ಕಿಯ ಗುಣದ ಬಗ್ಗೆ ಅನುಮಾನವಿರಲಿಲ್ಲ. ಆಸೆಯ ಬಗ್ಗೆ ಇತ್ತು.

ಆರಿಸಿಕೊಂಡು ಉಣ್ಣುವುದು ಉಳ್ಳವರ ಮಾತು, ಬಡವರಿಗೆ ಸಿಕ್ಕಿದ್ದೇ ಪ್ರಸಾದ ಎಂಬ ಆಕ್ಷೇಪವನ್ನು ಎದುರಿಸದೆ ಈ ವಾದ ಮುಂದೆ ಹೋಗಲಾರದು. ಆಕ್ಷೇಪದಲ್ಲಿ ನಿಜವಿದೆ. ಸೋಯಾ ಮತ್ತು ಕಬ್ಬು ಜಿಲ್ಲೆಯ ಹೊಲಗಳಲ್ಲಿ ಹರಡಿವೆ, ಅವೆರಡೂ ಹೋಗುವುದು ಎಣ್ಣೆ ಗಿರಣಿಗೆ, ಕಾರ್ಖಾನೆಗೆ. ಪಡಿತರದಲ್ಲಿ ಮುಖ್ಯವಾಗಿ ಬರುವುದು ಅಕ್ಕಿ. 2013ರ ಅನ್ನಭಾಗ್ಯ ಹಸಿವನ್ನು ತಗ್ಗಿಸಿತು, ಅದನ್ನು ಲಘುವಾಗಿ ಕಾಣುವವರು ಹಸಿವನ್ನು ಕಂಡವರಲ್ಲ. ಆದರೂ ರೊಟ್ಟಿಯ ನಾಡಿನ ತಟ್ಟೆಯಲ್ಲಿ ಬಿಳಿ ಅನ್ನದ ಪಾಲು ಬೆಳೆದದ್ದೂ ನಿಜ. ಇತ್ತ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಗರದ ಅಂಗಡಿಗಳಲ್ಲಿ ಅದೇ ಜೋಳ, ಸಜ್ಜೆಗಳು ಚೆಂದದ ಪೊಟ್ಟಣ ಕಟ್ಟಿಕೊಂಡು ದುಬಾರಿಯಾಗಿ ಕೂತವು. ರೊಟ್ಟಿಯ ಗುಣಗಾನ ಮಾಡುವವರು ಇನ್ನೊಂದು ಮಾತು ಮರೆಯುತ್ತಾರೆ: ರೊಟ್ಟಿ ತಾನಾಗಿ ಆಗುವುದಿಲ್ಲ. ಹೊಲದ ಕೂಲಿ ಮುಗಿಸಿ ಬಂದ ಹೆಣ್ಣುಮಗಳು ಒಲೆಯ ಮುಂದೆ ಕೂತು ತಟ್ಟಬೇಕು. ಮನೆಯವರ ಆರೋಗ್ಯದ ಭಾರವನ್ನೆಲ್ಲ ಅವಳ ಎರಡು ಕೈಗಳ ಮೇಲೆ ಹೊರಿಸಿ, ಅದಕ್ಕೆ ಸಂಸ್ಕೃತಿ ಎಂದು ಹೆಸರಿಟ್ಟರೆ ಅದು ಋತವಾದ ಊಟವಲ್ಲ. ಗಂಡಸರು ಅಡುಗೆಮನೆಗೆ ಬರಬೇಕು, ಇಲ್ಲವೇ ಸಂಘ ಕಟ್ಟಿಕೊಂಡು ರೊಟ್ಟಿ ತಟ್ಟಿ ಮಾರುವ ಹೆಣ್ಣುಮಕ್ಕಳಿಗೆ ಅವರ ದುಡಿಮೆಯ ಬೆಲೆ ಕೊಟ್ಟು ಕೊಳ್ಳಬೇಕು.

ಆದ್ದರಿಂದಲೇ ಈ ಪ್ರಶ್ನೆ ಒಂದು ಮನೆಯ ತಟ್ಟೆಯನ್ನು ದಾಟಿ ಸಾರ್ವಜನಿಕ ಅಡುಗೆಮನೆಗೆ ಬರುತ್ತದೆ. ಶಾಲಾ ಮಕ್ಕಳ ಬಿಸಿಯೂಟಕ್ಕೆ ಕರ್ನಾಟಕ ಇಟ್ಟ ಹೆಸರು ಅಕ್ಷರ ದಾಸೋಹ. 2002ರಲ್ಲಿ ಅದು ಮೊದಲಾದ ಜಿಲ್ಲೆಗಳಲ್ಲಿ ಬೀದರ್ ಒಂದು. ಅಪೌಷ್ಟಿಕತೆ ಹೆಚ್ಚಿದೆಯೆಂದು 2021ರ ಡಿಸೆಂಬರಿನಲ್ಲಿ ಈ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ, ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಇದ್ದರೂ ಕೆಲವು ಮಠಾಧೀಶರು ವಿರೋಧಿಸಿದರು. ಸಸ್ಯಾಹಾರ ಅವರ ಪ್ರಾಮಾಣಿಕ ವ್ರತವೆಂಬುದನ್ನು ನಾನು ಗೌರವಿಸುತ್ತೇನೆ. ದಯೆಯೇ ಧರ್ಮದ ಬೇರೆಂದು ನಂಬಿದವರಿಗೆ ಪ್ರಾಣಿಯ ಪ್ರಶ್ನೆ ಹಗುರವಲ್ಲ. ಒಂದೇ ಪಂಕ್ತಿಯಲ್ಲಿ ಎರಡು ಬಗೆ ಬಡಿಸಿದರೆ ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎಂಬ ಅವರ ಆತಂಕವೂ ವಿಚಾರ ಮಾಡತಕ್ಕದ್ದೇ. ಆದರೂ ನನ್ನ ತೀರ್ಮಾನ ಮೊಟ್ಟೆಯ ಪರವಾಗಿದೆ. ದಾಸೋಹದಲ್ಲಿ ಮುಖ್ಯನಾದವನು ಉಣ್ಣುವವನು; ನೀಡುವವನ ವ್ರತ ಅವನ ತಟ್ಟೆಯಲ್ಲಿರಬೇಕು, ಹಸಿದವನ ತಟ್ಟೆಯಲ್ಲಲ್ಲ. ಮನೆಯಲ್ಲಿ ಮೊಟ್ಟೆ ತಿನ್ನುವ, ಆದರೆ ಕೊಳ್ಳಲಾಗದ ಮಗುವಿನ ಎಲುಬು ಸ್ನಾಯುಗಳಿಗೆ ಅದು ಬೇಕು. ಒಲ್ಲದ ಮಗುವಿಗೆ ಶೇಂಗಾ ಚಿಕ್ಕಿ ಸಿಗಲಿ. ಪ್ರೋಟೀನಿನ ಲೆಕ್ಕದಲ್ಲಿ ಬಾಳೆಹಣ್ಣು ಮೊಟ್ಟೆಗೆ ಸಮವಲ್ಲ. ಭೇದ ಹುಟ್ಟುವುದು ತಟ್ಟೆಯಲ್ಲಿ ಎರಡು ಪದಾರ್ಥ ಇರುವುದರಿಂದಲ್ಲ, ಅವುಗಳಲ್ಲಿ ಒಂದನ್ನು ಕೀಳೆಂದು ದೊಡ್ಡವರು ಕಲಿಸುವುದರಿಂದ. ಬೀದರಿನ ಗುರುನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಯಾರು ಎಲ್ಲಿಂದ ಬಂದವರೆಂದು ಕೇಳದೆ ಒಂದೇ ಸಾಲಿನಲ್ಲಿ ಕೂರಿಸುತ್ತಾರೆ. ಆ ಸಾಲನ್ನು ಉಳಿಸಿಕೊಂಡೇ ಒಬ್ಬೊಬ್ಬರ ಮೈಯ ಅಗತ್ಯವನ್ನೂ ನೋಡಬಹುದು.

ಇಷ್ಟಾದರೂ ದೇಹದ ಚಿಂತೆಯೇ ಒಂದು ಬಂಧನ, ಹೊತ್ತು ಹೊತ್ತಿಗೆ ನಾರು, ಪ್ರೋಟೀನು ಎಣಿಸುವವನಿಗೆ ಲಿಂಗ ನೆನಪಾಗುವುದು ಯಾವಾಗ ಎಂದು ಕೇಳುವವರಿದ್ದಾರೆ. ಎಣಿಕೆಯೇ ವ್ರತವಾಗಿಬಿಟ್ಟರೆ ಅವರ ಭಯ ಸರಿ. ಉಣ್ಣುವ ಸುಖ ಕಳೆದುಕೊಂಡು ಪಟ್ಟಿ ಹಿಡಿದು ಬದುಕುವವರನ್ನು ಈಗ ಎಲ್ಲೆಲ್ಲೂ ಕಾಣಬಹುದು. ಆದರೆ ಹೊಟ್ಟೆಯುರಿ, ಮಲಬದ್ಧತೆ, ಉಂಡ ಮೇಲಿನ ಭಾರ ಇವು ಮನುಷ್ಯನನ್ನು ದೇಹಕ್ಕೆ ಕಟ್ಟಿಹಾಕುವಷ್ಟು ಬೇರೆ ಯಾವುದೂ ಕಟ್ಟಿಹಾಕುವುದಿಲ್ಲ. ಸರಳವಾದ ಊಟ ಒಮ್ಮೆ ರೂಢಿಯಾದರೆ ಎಣಿಸುವ ಅಗತ್ಯವೇ ಬೀಳುವುದಿಲ್ಲ. ಊಟವೇ ಔಷಧವೆಂದು ಹೇಳಿ ಶುಗರಿನ ಗುಳಿಗೆ ಬಿಡಿಸುವವರ ಮಾತನ್ನು ಮಾತ್ರ ಯಾರೂ ನಂಬಬಾರದು. ಊಟ ಗುಳಿಗೆಗೆ ನೆರವಾಗುತ್ತದೆ. ಗುಳಿಗೆ ಬಿಡುವುದೋ ಕಡಿಮೆ ಮಾಡುವುದೋ ವೈದ್ಯರು ಹೇಳಬೇಕಾದ ಮಾತು.

ಭಾಲ್ಕಿ, ಔರಾದ್, ಬೀದರ್ ಕಡೆಯ ಮಠ, ಗುಡಿ, ಜಾತ್ರಾ ಸಮಿತಿಗಳಲ್ಲಿ ದಾಸೋಹದ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಸಣ್ಣದು. ಹುಗ್ಗಿ ಇರಲಿ, ಹಬ್ಬಕ್ಕೆ ಸಿಹಿ ಬೇಕು. ಅದರ ಪಕ್ಕದಲ್ಲಿ ಜೋಳದ ರೊಟ್ಟಿ, ಬ್ಯಾಳಿ, ಒಂದು ಸೊಪ್ಪಿನ ಪಲ್ಯ, ಮಜ್ಜಿಗೆ ಇಡಿ. ಸಾರಿಗೆ ಉಪ್ಪು ಹಾಕುವಾಗ ಕೈ ಹಿಡಿಯಿರಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಸಾಕು. ಜೋಳವನ್ನು ನಿಮ್ಮ ಊರಿನ ರೈತರಿಂದಲೇ ಕೊಳ್ಳಿ, ರೊಟ್ಟಿ ತಟ್ಟುವವರಿಗೆ ಕೂಲಿ ಕೊಡಿ. ಸಿಹಿ ಸಾಕು ಎಂದು ಕೈ ಅಡ್ಡ ಹಿಡಿದ ಹಿರಿಯರಿಗೆ ಒತ್ತಾಯ ಮಾಡದೆ ಇನ್ನೊಂದು ರೊಟ್ಟಿ ನೀಡಿ, ಅದೂ ಪ್ರಸಾದವೇ.