ಪ್ರವಾಹದ ದೋಣಿ, ಪ್ರವಾಸದ ಹಡಗು

ಒಬ್ಬರ ಪರವಾಗಿ ಇನ್ನೊಬ್ಬರು ಸಾಲ ತೆಗೆಯಬಹುದು, ಸಹಿ ಹಾಕಬಹುದು, ಹರಕೆಯನ್ನೂ ತೀರಿಸಬಹುದು. ಒಬ್ಬರ ಪರವಾಗಿ ಇನ್ನೊಬ್ಬರು ನಂಬಬಹುದೆ? ಗುರುತು ಪರಿಚಯವಿಲ್ಲದ ಕಂಪನಿಯ ಹಡಗಿಗೆ ನಾನೊಬ್ಬಳೇ ಟಿಕೆಟ್ ತೆಗೆದರೆ ಲಾಭ ನಷ್ಟ ಎರಡೂ ನನ್ನವು. ಅದೇ ಟಿಕೆಟ್ಟಿನಲ್ಲಿ ಎಪ್ಪತ್ತಾರರ ಅಜ್ಜಿ, ಬಿಪಿ ಗುಳಿಗೆಯ ಅಪ್ಪ, ಆರು ವರ್ಷದ ಮಗು ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗ ನಾನು ಹಡಗನ್ನು ನಂಬಿರುತ್ತೇನೆ. ಅವರು ನನ್ನನ್ನು ನಂಬಿರುತ್ತಾರೆ. ಇವೆರಡೂ ಒಂದೇ ಬಗೆಯ ನಂಬಿಕೆಯಲ್ಲ ಎಂಬುದು ನನಗೆ ಈಚೆಗೆ ಹೊಳೆಯಿತು.

ನಮ್ಮದು ಕಾಗವಾಡ ತಾಲೂಕಿನ ಹಳ್ಳಿ, ಜೈನ ಒಕ್ಕಲುತನದ ಮನೆ. ಪುಣೆಯಲ್ಲಿ ಕೆಲಸ ಮಾಡುವ ಅಣ್ಣ ಈ ಸಲ ದೀಪಾವಳಿಗೆ ಬಂದಾಗ, ಮನೆಯ ಹನ್ನೊಂದು ಮಂದಿಯೂ ಸೇರಿ ಮುಂಬೈಯಿಂದ ಹಡಗಿನಲ್ಲಿ ಗೋವಾ, ಲಕ್ಷದ್ವೀಪ ನೋಡಿಬರೋಣ ಅಂದ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ಮುಂಬೈ ದೂರದ ಊರಲ್ಲ. ಮೀರಜದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರಲ್ಲಿ ಮುಂಬೈ. ದುಡಿಯಲು, ದವಾಖಾನೆಗೆ, ಮದುವೆಗೆ ಹೋಗಿ ಬಂದವರು ಮನೆಗೊಬ್ಬರಾದರೂ ಇರುತ್ತಾರೆ. ಆದರೆ ಅಲ್ಲಿಂದ ಮುಂದಿನ ನೀರು ನಮಗೆ ಹೊಸದು. ಹಾಗಾಗಿ ದೊಡ್ಡಪ್ಪನ ಮೊದಲ ಮಾತು, "ಆ ಕಂಪನಿ ಹೆಂಗೈತಿ, ಯಾರದೈತಿ?" ಅದನ್ನು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. "ಪಿಎಚ್.ಡಿ ಮಾಡಾಕತ್ತೀಯಲ್ಲ, ಇದನ್ನಷ್ಟು ನೋಡಿ ಹೇಳು."

ನೋಡಿದೆ. ಮುಂಬೈಯನ್ನು ನೆಲೆ ಮಾಡಿಕೊಂಡ ಪ್ರವಾಸಿ ಹಡಗಿನ ವ್ಯವಹಾರ ನಮ್ಮಲ್ಲಿ ಇನ್ನೂ ಎಳೆಯದು. 2019ರ ಏಪ್ರಿಲ್‌ನಲ್ಲಿ ಜಲೇಶ್ ಕ್ರೂಸಸ್ 'ಕರ್ಣಿಕಾ' ಎಂಬ ಹಡಗಿನೊಂದಿಗೆ ಶುರುವಾಯಿತು. ಕೊರೋನಾ ಬಂದು ಪ್ರವಾಸ ನಿಂತಾಗ, 2020ರಲ್ಲಿ ಮುಚ್ಚಿಯೂ ಹೋಯಿತು. ಆ ಹಡಗನ್ನು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಒಡೆದರು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಕ್ರೂಸಸ್ 'ಎಂಪ್ರೆಸ್' ಹಡಗನ್ನು ಇಳಿಸಿತು. ಕಂಪನಿ ಹೊಸದು, ಹಡಗು ನನಗಿಂತ ಹಿರಿಯದು. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಿಂದ ಕಟ್ಟಿದ್ದು, ಬೇರೆ ಬೇರೆ ಕಂಪನಿಗಳ ಕೈ ದಾಟಿ ಅರಬ್ಬಿ ಸಮುದ್ರಕ್ಕೆ ಬಂದಿದೆ.

ಇದನ್ನೆಲ್ಲ ಹೇಳಿದ ಮೇಲೆ ಮನೆಯಲ್ಲಿ ಎರಡು ಪಕ್ಷಗಳಾದವು. ಹೊಸ ಕಂಪನಿ ಬೇಡ ಎಂಬುದು ಒಂದು. ಹಳೇ ಹಡಗು ಬೇಡ ಎಂಬುದು ಇನ್ನೊಂದು. ಎರಡೂ ಪಕ್ಷದವರು ಹೆಸರು ಮತ್ತು ವಯಸ್ಸಿನಲ್ಲೇ ಭದ್ರತೆ ಹುಡುಕುತ್ತಿದ್ದರು. ಆದರೆ 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಬಂಡೆಗೆ ಬಡಿದು ಒರಗಿದ 'ಕೋಸ್ಟಾ ಕಾಂಕಾರ್ಡಿಯಾ' ಹಳೆಯ ಹಡಗೂ ಅಲ್ಲ, ಹೆಸರಿಲ್ಲದ ಕಂಪನಿಯದೂ ಅಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದ ಆ ಹಡಗಿನಲ್ಲಿ 32 ಮಂದಿ ತೀರಿಕೊಂಡರು. ಆ ದಿನವಷ್ಟೇ ಹಡಗು ಹತ್ತಿದ ನೂರಾರು ಪ್ರಯಾಣಿಕರಿಗೆ ಅಪಾಯ ಬಂದರೆ ಎಲ್ಲಿ ಸೇರಬೇಕೆಂಬ ಅಭ್ಯಾಸವನ್ನೇ ಇನ್ನೂ ಮಾಡಿಸಿರಲಿಲ್ಲ. ಒಂದು ದಿನದೊಳಗೆ ಮಾಡಿಸಿದರೆ ಸಾಕೆಂದು ಆಗಿನ ನಿಯಮವೇ ಹೇಳುತ್ತಿತ್ತು. ಈಗ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಿಸಬೇಕು. ಪರಿಚಿತವಾದದ್ದೆಲ್ಲ ನಂಬಿಕೆಗೆ ಅರ್ಹವಲ್ಲ, ಅಪರಿಚಿತವಾದದ್ದೆಲ್ಲ ಅನರ್ಹವೂ ಅಲ್ಲ. ಬ್ರಿಟನ್ನಿನ ತತ್ವಜ್ಞಾನಿ ಒನೋರಾ ಓ'ನೀಲ್ 2002ರ ಬಿಬಿಸಿ ರೀತ್ ಉಪನ್ಯಾಸಗಳಲ್ಲಿ ಇದೇ ವಿಷಯ ಎತ್ತಿಕೊಂಡಿದ್ದರು. ನಂಬಿಕೆ ಹೆಚ್ಚಬೇಕು ಎಂದು ಹಲುಬುವುದರಲ್ಲಿ ಅರ್ಥವಿಲ್ಲ, ಅರ್ಹವಾದ ಕಡೆ ನಂಬಿಕೆ ಇಡುವ ವಿವೇಕ ಬೇಕು ಎಂಬುದು ಅವರ ವಾದದ ತಿರುಳು.

ಇಷ್ಟಕ್ಕೇ ನಿಂತಿದ್ದರೆ ಇದು ಗ್ರಾಹಕರ ಎಚ್ಚರಿಕೆಯ ಮಾತಾಗುತ್ತಿತ್ತು. ನನ್ನನ್ನು ತಡೆದದ್ದು ಆಯಿಯ ಮಾತು. ನಾವೆಲ್ಲ ವಾದ ಮಾಡುವಾಗ ಆಕೆ ಸುಮ್ಮನೆ ಕೂತಿದ್ದಳು. ಕೇಳಿದ್ದಕ್ಕೆ, "ನೀ ನೋಡಿ ಹೇಳ್ತಿಯಲ್ಲ, ಸಾಕು. ನೀ ಹೂಂ ಅಂದ್ರ ನಂದೂ ಹೂಂ" ಅಂದಳು. ಆಕೆಗೆ ಕಂಪನಿಯ ಹೆಸರು ಬೇಕಿರಲಿಲ್ಲ, ಹಡಗಿನ ಜಾತಕವೂ ಬೇಕಿರಲಿಲ್ಲ.

ಅನೆಟ್ ಬೇಯರ್ ಎಂಬ ತತ್ವಜ್ಞಾನಿ 1986ರಲ್ಲಿ ಬರೆದ 'ಟ್ರಸ್ಟ್ ಆಂಡ್ ಆಂಟಿಟ್ರಸ್ಟ್' ಎಂಬ ಪ್ರಬಂಧದಲ್ಲಿ ಒಂದು ಉಪಯುಕ್ತ ಭೇದವಿದೆ. ಒಂದರ ಮೇಲೆ ಅವಲಂಬಿಸುವುದು ಬೇರೆ, ಒಬ್ಬರನ್ನು ನಂಬುವುದು ಬೇರೆ. ಅವಲಂಬಿಸಿದ್ದು ಕೈಕೊಟ್ಟರೆ ನಿರಾಸೆಯಾಗುತ್ತದೆ. ನಂಬಿದವರು ಕೈಕೊಟ್ಟರೆ ದ್ರೋಹವೆನಿಸುತ್ತದೆ. ಬಾವಿಯ ಪಂಪು ಕೆಟ್ಟರೆ ನಾವು ಅದನ್ನು ದ್ರೋಹಿ ಎನ್ನುವುದಿಲ್ಲ. ಹಡಗಿನ ವಿಚಾರದಲ್ಲಿ ನಾನು ಬಹುಪಾಲು ಅವಲಂಬಿಸುತ್ತಿದ್ದೇನೆ: ಎಂಜಿನ್ನಿನ ಮೇಲೆ, ತಪಾಸಣೆಯ ಮೇಲೆ, ಅಂತರರಾಷ್ಟ್ರೀಯ ನಿಯಮಗಳ ಮೇಲೆ. ಆಯಿ ಅವಲಂಬಿಸುತ್ತಿಲ್ಲ, ನಂಬುತ್ತಿದ್ದಾಳೆ. ಊಟ ಸೇರದೆ, ತಲೆಸುತ್ತು ಬಂದು, ನಿದ್ದೆಯಿಲ್ಲದೆ ಮೂರು ದಿನ ಕಳೆದರೆ ನನಗೆ ಕಂಪನಿಯ ಮೇಲೆ ಬೇಸರವಾದೀತು. ಆಕೆಗೆ ಕಂಪನಿಯ ಮೇಲೆ ಏನೂ ಆಗುವುದಿಲ್ಲ. ಆದದ್ದೆಲ್ಲ ನನ್ನ ಮೇಲೆಯೇ, ಅದನ್ನೂ ಆಕೆ ಬಾಯಿಬಿಟ್ಟು ಹೇಳಲಾರಳು.

ಈ ಹೂಂ ಎಂಬುದನ್ನು ಒಪ್ಪಿಗೆ ಎನ್ನಬಹುದೆ? ನಮ್ಮ ಕಡೆ ಹಿರಿಯರು ತಮಗಾಗಿ ಬೇಡ ಅನ್ನುವುದು ಅಪರೂಪ. ಮಕ್ಕಳು ಖುಷಿಯಾಗಿದ್ದಾರೆ, ಯಾಕೆ ಅಡ್ಡಬರಲಿ ಎಂದು ಸುಮ್ಮನಾಗುತ್ತಾರೆ. ಅವರ ಹೂಂ ಎಷ್ಟೋ ಸಲ ನಮಗೆ ಕೊಟ್ಟ ಉಡುಗೊರೆ. ಉಡುಗೊರೆಯನ್ನು ಪರವಾನಗಿ ಎಂದು ಓದಿಕೊಳ್ಳುವುದು ಸುಲಭ.

ಇಲ್ಲಿ ನಮ್ಮ ಭಾಗದ ಇನ್ನೊಂದು ಜಲಪ್ರಯಾಣ ನೆನಪಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ದಂಡೆ ಮೀರಿದಾಗ ಜುಗೂಳ, ಮಂಗಾವತಿ, ಮಾಂಜರಿ, ಯಡೂರ, ಕುಡಚಿಯಂಥ ಊರುಗಳ ಸುತ್ತ ನೀರೇ ನೀರು. ದೂಧಗಂಗಾ, ವೇದಗಂಗಾ ಎಲ್ಲವೂ ಉಕ್ಕಿದ್ದವು. ಆಗಲೂ ಅಜ್ಜಿ, ಮಗ, ಸೊಸೆ, ಮೊಮ್ಮಗು ಒಂದೇ ದೋಣಿಯಲ್ಲಿ ಕೂತರು. ದೋಣಿ ನಡೆಸುವವರು ಯಾರೋ, ಯಾವ ರಾಜ್ಯದವರೋ ಗೊತ್ತಿರಲಿಲ್ಲ. ಎಮ್ಮೆ ಬಿಟ್ಟು ಬರಲ್ಲ, ಮನೆ ಬಿಟ್ಟು ಬರಲ್ಲ ಎಂದು ಕೂತ ಮುದುಕರನ್ನು ಎತ್ತಿಕೊಂಡೇ ತಂದದ್ದಿದೆ. ಆ ದೋಣಿಗಳಲ್ಲೂ ಅಪಾಯವಿತ್ತು. ಆಗಸ್ಟ್ 8ರಂದು ಪಕ್ಕದ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆದರೂ, ಒಲ್ಲೆ ಎಂದ ಮುದುಕಿಯನ್ನು ಎತ್ತಿ ದೋಣಿಗೆ ಹಾಕಿದ ಮಗನನ್ನು ಯಾರೂ ತಪ್ಪಿತಸ್ಥ ಅನ್ನಲಾರರು.

ಪ್ರವಾಸದ ಹಡಗಿನಲ್ಲಿಯೂ ಅದೇ ಮೂರು ತಲೆಮಾರು, ಅದೇ ಅಪರಿಚಿತ ಕೈಗಳು. ದೋಣಿಗಿಂತ ಹಡಗು ಎಷ್ಟೋ ಪಾಲು ಸುರಕ್ಷಿತ. ಆದರೂ ಇಲ್ಲಿ ಮುದುಕಿಯ 'ಒಲ್ಲೆ'ಯನ್ನು ಮೀರುವ ಹಕ್ಕು ಯಾರಿಗೂ ಇಲ್ಲ. ಯಾಕೆ? ಪ್ರವಾಹದಲ್ಲಿ ಬಿಟ್ಟುಹೋದರೆ ಜೀವ ಹೋಗುತ್ತದೆ. ಪ್ರವಾಸ ಬಿಟ್ಟುಹೋದರೆ ಒಂದು ಫೋಟೋ ಹೋಗುತ್ತದೆ. ಅಪಾಯದ ಪ್ರಮಾಣದಿಂದಲೇ ನಾವು ನೈತಿಕ ಭಾರವನ್ನು ಅಳೆಯುತ್ತೇವೆ, ಅದು ಸಾಲದು. ಅಗತ್ಯ ಕಡಿಮೆಯಾದಷ್ಟೂ ಒಪ್ಪಿಗೆಯ ತೂಕ ಹೆಚ್ಚಬೇಕು. ಅನಿವಾರ್ಯವಾದಾಗ ಅರೆಮನಸ್ಸಿನ ಹೂಂ ಕೂಡ ಸಾಕು. ಸಂತೋಷಕ್ಕಾಗಿ ಹೊರಟಾಗ ಪೂರ್ತಿ ಮನಸ್ಸಿನದೇ ಬೇಕು.

ಹಡಗಿಗೆ ಇನ್ನೊಂದು ಗುಣವಿದೆ. ಬಸ್ಸಿನಲ್ಲಾದರೆ "ಸಾಕಪ್ಪ, ಇಳಸ್ರಿ" ಅನ್ನಬಹುದು. ನಡುನೀರಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲಾಗದು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೋಕೋಹಾಮಾದಲ್ಲಿ ತಡೆಹಿಡಿದ 'ಡೈಮಂಡ್ ಪ್ರಿನ್ಸೆಸ್' ಹಡಗಿನಲ್ಲಿ 3,700ಕ್ಕೂ ಹೆಚ್ಚು ಜನರಿದ್ದರು. 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ದಡ ಕಣ್ಣೆದುರಿಗೇ ಇತ್ತು, ಇಳಿಯುವಂತಿರಲಿಲ್ಲ. ಅಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಹಡಗಿನಲ್ಲಿ ದುಡಿಯುವವರು. ಅಂಥ ಗಂಡಾಂತರ ದಿನವೂ ಬರುವುದಿಲ್ಲ ನಿಜ. ಆದರೆ ನಡುವೆ ಇಳಿಯಲಾಗದ ಪ್ರಯಾಣಕ್ಕೆ ಕರೆಯುವವರು ಹತ್ತುವ ಮುಂಚೆಯೇ ಹೆಚ್ಚು ಮಾತಾಡಿರಬೇಕು.

ಅಪರಿಚಿತತೆಯೂ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹಂಚಿಕೆಯಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರೆಲ್ಲ ಜಾರ್ಖಂಡಿನ ಸಮ್ಮೇದ ಶಿಖರ್ಜಿಗೆ ಹೋಗಿದ್ದರು. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಬೆಟ್ಟ. ಹತ್ತಿ, ಸುತ್ತಿ, ಇಳಿಯುವಷ್ಟರಲ್ಲಿ 27 ಕಿಲೋಮೀಟರ್. ನಸುಕಿಗೂ ಮುಂಚೆ ಮಧುಬನದಿಂದ ಹೊರಡಬೇಕು. ಊರು ಹೊಸದು, ಭಾಷೆ ಹೊಸದು, ಆಯಿಯನ್ನು ಡೋಲಿಯಲ್ಲಿ ಹೊತ್ತವರು ಎಂದೂ ಕಂಡಿರದ ಜನ. ಆದರೂ ಅಲ್ಲಿ ದಾರಿ ಬಲ್ಲವಳು ಆಕೆಯೇ. ಯಾವ ಟೊಂಕಿನಲ್ಲಿ ಯಾರ ಪಾದ, ಎಲ್ಲಿ ಏನು ಹೇಳಬೇಕು, ಯಾಕೆ ಉಪವಾಸವಿರಬೇಕು ಎಂಬುದನ್ನೆಲ್ಲ ಆಕೆ ಹೇಳಿದಳು, ನಾವು ಹಿಂದೆ ಹೋದೆವು. ಹಡಗಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಕಾರ್ಡು ತೋರಿಸಿ ಬಾಗಿಲು ತೆರೆಯುವುದು ಆರು ವರ್ಷದ ಮಗುವಿಗೆ ಐದು ನಿಮಿಷದಲ್ಲಿ ಬರುತ್ತದೆ. ಎಪ್ಪತ್ತಾರರವಳು ನೀರಿಗೂ ಇನ್ನೊಬ್ಬರನ್ನು ಕೇಳಬೇಕು. ಮೂರು ತಲೆಮಾರು ಒಟ್ಟಿಗೆ ಹೊರಟಾಗ ಒಂದು ತಲೆಮಾರಿಗೆ ಮಜಾ ಆಗುವ ಹೊಸತನವೇ ಇನ್ನೊಂದು ತಲೆಮಾರಿಗೆ ಅಧಿಕಾರ ಕಳೆದುಕೊಳ್ಳುವುದು. ಆಕೆಗೆ ಭಯವಿದ್ದರೆ ಅದು ನೀರಿನ ಭಯವಾಗಿರಬೇಕೆಂದಿಲ್ಲ. ಮನೆಯ ಹಿರಿಯಳಾಗಿ ಹೋಗಿ ಮನೆಯ ಸಾಮಾನಾಗಿ ಬರುವ ಭಯವೂ ಇರಬಹುದು.

ಹಾಗಂತ ಹಿರಿಯರನ್ನು ಮನೆಯಲ್ಲೇ ಕೂರಿಸಿ ಎಂಬ ವಾದ ನನ್ನದಲ್ಲ. ಮುದುಕರಿಗೆ ದೇವಸ್ಥಾನ, ಹುಡುಗರಿಗೆ ಸಮುದ್ರ ಎಂದು ನಾವೇ ಹಂಚಿಬಿಡುವುದು ಕೂಡ ಅವರ ಪರವಾಗಿ ನಾವೇ ತೀರ್ಮಾನಿಸಿದಂತೆ. ಎಪ್ಪತ್ತಾರರಲ್ಲಿ ಮೊದಲ ಸಲ ಸಮುದ್ರದ ನಡುವೆ ನಿಲ್ಲುವ ಆಸೆ ಯಾರಿಗಾದರೂ ಇರಬಹುದು. ಅದನ್ನು ಕೇಳದೇ ಇರುವುದು ಅವರನ್ನು ಈಗಾಗಲೇ ಮುಗಿದವರೆಂದು ಬಗೆದಂತೆ. ಋಣ ತೀರಿಸುತ್ತೇವೆ ಎಂಬ ಹುಮ್ಮಸ್ಸಿನಲ್ಲೂ ಇಂಥದೇ ಕುರುಡುತನವಿದೆ. ಸಾಲ ಕೊಟ್ಟವರು ಕೇಳದ ನಾಣ್ಯದಲ್ಲಿ ತೀರಿಸಿ, ರಸೀದಿಗೆ ಅವರ ನಗುವನ್ನು ಕೇಳುವುದು ಯಾವ ನ್ಯಾಯ? "ಎಷ್ಟು ಖರ್ಚು ಮಾಡೇವಿ, ಸ್ವಲ್ಪ ನಗು ಆಯಿ" ಎಂದಾಗ ನಾವು ಆಕೆಯಿಂದ ಇನ್ನೂ ಒಂದು ಸಾಲ ಎತ್ತುತ್ತಿರುತ್ತೇವೆ.

ಹಾಗಾದರೆ ಒಬ್ಬರ ಪರವಾಗಿ ನಂಬಬಹುದೆ? ನಂಬಬಹುದು, ಮೂರು ಷರತ್ತಿನ ಮೇಲೆ ಎಂದು ನನಗೆ ಅನಿಸುತ್ತದೆ. ಮೊದಲನೆಯದು, ನಮ್ಮ ಪ್ರಶ್ನೆಗಳ ಜೊತೆ ಅವರ ಪ್ರಶ್ನೆಗಳನ್ನೂ ವಿಚಾರಿಸುವುದು. ಬಹಳ ಕೇಳಿದ ಮೇಲೆ ಆಯಿ ಕೊನೆಗೂ ಒಂದು ಪ್ರಶ್ನೆ ಕೇಳಿದಳು: "ಅಲ್ಲಿ ಹೊತ್ತು ಮುಳುಗೂದ್ರಾಗ ಊಟ ಸಿಗತೈತೇನು?" ನಾವೆಲ್ಲ ಹಡಗು ಮುಳುಗುವ ಚಿಂತೆಯಲ್ಲಿದ್ದೆವು, ಆಕೆ ಸೂರ್ಯ ಮುಳುಗುವ ಚಿಂತೆಯಲ್ಲಿದ್ದಳು. ಈ ಹಡಗುಗಳಲ್ಲಿ ಜೈನ ಊಟ ಸಿಗುತ್ತದೆಂದು ಜಾಹೀರಾತಿನಲ್ಲೇ ಇರುತ್ತದೆ. ಅದು ಎಷ್ಟು ಗಂಟೆಗೆ ಸಿಗುತ್ತದೆಂಬುದನ್ನು ಫೋನು ಮಾಡಿಯೇ ಕೇಳಬೇಕು.

ಎರಡನೆಯದು, ಅವರು ತೂಗಿ ನೋಡಬಲ್ಲ ಮಾತಿನಲ್ಲಿ ಸತ್ಯ ಹೇಳುವುದು. ಟನ್ನಿನ ಲೆಕ್ಕ, ತಪಾಸಣೆಯ ಪ್ರಮಾಣಪತ್ರ ನಮಗಿರಲಿ. ಲಕ್ಷದ್ವೀಪದ ಹತ್ತಿರ ದೊಡ್ಡ ಹಡಗು ದಡ ಮುಟ್ಟುವುದಿಲ್ಲ, ಅಲ್ಲಾಡುವ ಸಣ್ಣ ದೋಣಿಗೆ ಇಳಿದು ಹೋಗಬೇಕು ಎಂಬುದು ಮೊಣಕಾಲು ನೋವಿನವರಿಗೆ ಎಲ್ಲಕ್ಕಿಂತ ಮುಖ್ಯವಾದ ಸತ್ಯ. ಅದನ್ನು ಮುಚ್ಚಿಟ್ಟು ಪಡೆದ ಹೂಂ ಒಪ್ಪಿಗೆಯಲ್ಲ.

ಮೂರನೆಯದು, ಒಲ್ಲೆ ಅನ್ನಲು ಜಾಗ ಬಿಡುವುದು. ಎಲ್ಲರೂ ಕೂತಿರುವಾಗ ಕೇಳಿದರೆ ಹಿರಿಯರಿಗೆ ಆ ಜಾಗ ಇರುವುದಿಲ್ಲ. ಒಬ್ಬರೇ ಇರುವಾಗ ಕೇಳಬೇಕು, ದುಡ್ಡು ಕಟ್ಟುವ ಮುಂಚೆ ಕೇಳಬೇಕು, ಆಕೆ ಬೇಡ ಅಂದರೆ ಆಗಬಹುದಾದ ಇನ್ನೊಂದು ಪ್ರಯಾಣವೂ ನಮ್ಮ ಕೈಯಲ್ಲಿರಬೇಕು. ನೀನು ಒಲ್ಲೆ ಅಂದಿದ್ದಕ್ಕೆ ಎಲ್ಲರದೂ ತಪ್ಪಿತು ಎಂಬ ಮಾತು ಮುಂದೆಂದೂ ಮನೆಯಲ್ಲಿ ಬರಬಾರದು.

ಈ ಮೂರನ್ನು ಮಾಡಿಯೂ ಏನಾದರೂ ಕೆಡಬಹುದು. ಸಮುದ್ರ ಕೆಡಬಹುದು, ಕಂಪನಿ ಮುಚ್ಚಬಹುದು, ಮಗುವಿಗೆ ಜ್ವರ ಬರಬಹುದು. ಏನೂ ಆಗದಂತೆ ನೋಡಿಕೊಳ್ಳುವುದು ಟಿಕೆಟ್ ತೆಗೆದವರ ಕೈಯಲ್ಲಿಲ್ಲ. ಆಗ "ನನಗೇನ್ ಗೊತ್ತು, ಕಂಪನಿಯವ್ರು ಹಂಗ್ ಹೇಳಿದ್ರು" ಎಂದು ಜಾರಿಕೊಳ್ಳದೆ ಪಕ್ಕದಲ್ಲಿ ಕೂತು ಉತ್ತರ ಕೊಡುವುದು ಕೈಯಲ್ಲಿದೆ. ಕಂಪನಿಯ ಹೊಣೆ ಟಿಕೆಟ್ಟಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿರುತ್ತದೆ. ನಮ್ಮದು ಎಲ್ಲಿಯೂ ಮುದ್ರಿತವಾಗಿಲ್ಲ.

ನಮ್ಮ ಮನೆಯಲ್ಲಿ ಟಿಕೆಟ್ ಇನ್ನೂ ತೆಗೆದಿಲ್ಲ. ಊಟದ ವೇಳೆಯ ಉತ್ತರ ಬರಬೇಕಿದೆ. ಅದು ಬಂದ ಮೇಲೆ ಸಣ್ಣ ದೋಣಿಯ ವಿಷಯವನ್ನು ಅಡುಗೆಮನೆಯಲ್ಲಿ, ಬೇರೆ ಯಾರೂ ಇಲ್ಲದಾಗ, ಆಯಿಗೆ ಹೇಳಬೇಕೆಂದಿದ್ದೇನೆ.