ಈ ದಿನದ ಆಧಾರ

ಉರಿಗಾಮಿನ ಸುತ್ತಲಿನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಲ್ಪಟ್ಟವು. 2007ರಲ್ಲಿ ರಾಜ್ಯದಲ್ಲೆಲ್ಲಾ ಸಾರಾಯಿಯು ನಿಷೇಧಿಸಲ್ಪಟ್ಟಿತು. ಕೂಲಿಯು ನಿಂತರೂ, ಅಂಗಡಿಯು ಮುಚ್ಚಿದರೂ, ಕುಡಿತವು ತಾನಾಗಿ ನಿಲ್ಲದೆಂಬದನ್ನು ಅನೇಕ ಹೆಂಡತಿಯರು ಕಣ್ಣೀರಿನಿಂದ ಬಲ್ಲರು.

ಕುಡಿತವನ್ನು ಬಿಟ್ಟೆನೆನ್ನುವ ಗಂಡನು ಆ ಸಾಯಂಕಾಲವೇ ಹೆಂಡತಿಯ ನಂಬಿಕೆಯನ್ನು ಕೇಳಬಾರದು. ನಮ್ಮ ಹಿರಿಯರು ಗಣಿಯೊಳಗೆ ಮೇಲಣ ಬಂಡೆಯು ಕುಸಿಯದಂತೆ ಮರದ ಆಧಾರಗಳನ್ನು ಒಂದೊಂದಾಗಿ ಕೊಟ್ಟು ಮುಂದುವರಿಯುತ್ತಿದ್ದರು. ಮುರಿದ ಸಂಸಾರವೂ ಹಾಗೆಯೇ, ಕುಡಿಯದ ಒಂದೊಂದು ದಿನದ ಆಧಾರದಿಂದ ನಿಲ್ಲುವದು.

ಬಹುಕಾಲ ವಿಪರೀತವಾಗಿ ಕುಡಿದವನು ಥಟ್ಟನೆ ಬಿಟ್ಟರೆ ಪ್ರಾಣಕ್ಕೆ ಅಪಾಯವುಂಟಾಗಬಹುದು. ಆದದರಿಂದ ಪ್ರಾರ್ಥನೆಯೊಡನೆ ವೈದ್ಯರ ಬಳಿಗೂ ಹೋಗಲಿ. ಸಭೆಯವರಾದ ನಾವು ಪೆಟ್ಟು ತಿಂದವಳಿಗೆ ‘ಸಹಿಸು’ ಎನ್ನದೆ ಆಶ್ರಯ ಕೊಡೋಣ. ಜಾರಿ ಬಿದ್ದವನನ್ನು ಹಾಸ್ಯಮಾಡದೆ ಕೈಹಿಡಿದೆತ್ತೋಣ. ಈ ದಿನಕ್ಕೆ ಬೇಕಾದ ಬಲವನ್ನು ಕರ್ತನು ಈ ದಿನವೇ ಅನುಗ್ರಹಿಸಲಿ. ಆಮೆನ್.